ಆಪರೇಷನ್ ಚೆನ್ನಾಗಿ ಆಯ್ತು, ಆಮೇಲೆ? ಹುಟ್ಟಿನಿಂದ ಪೊರೆ ಇದ್ದ ಒಂದು ಮಗುವಿನ ಪ್ರಕರಣ

ಎಳೆ ಮಗುವಿಗೆ ಕಣ್ಣಿನ ಪೊರೆ ಆಪರೇಷನ್ ಅಂದ ಕೂಡಲೇ ಮನೆಯವರ ಭಯವೆಲ್ಲ ಆಪರೇಷನ್ ಥಿಯೇಟರಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಮಗು ಎಚ್ಚರಾಗಿ ಅತ್ತರೆ ಸಾಕು, ಗಂಡಾಂತರ ಕಳೀತು ಅಂತ ಎಲ್ಲರೂ ಉಸಿರು ಬಿಡುತ್ತಾರೆ. ನಾನು ಮಕ್ಕಳ ಕಣ್ಣಿನ ವಿಭಾಗದಲ್ಲಿ ದೃಷ್ಟಿ ಅಳೆಯುವ, ಕನ್ನಡಕದ ನಂಬರ್ ನೋಡುವ ಕೆಲಸದಲ್ಲಿದ್ದೇನೆ. ಈ ಪ್ರಕರಣ ಬರೆಯಬೇಕು ಅನ್ನಿಸಿದ್ದು ಯಾಕೆಂದರೆ ಇಲ್ಲಿ ಆಪರೇಷನ್ ದಿನ ಏನೂ ಕೆಡಲಿಲ್ಲ. ಕೆಟ್ಟಿದ್ದು ತಿಂಗಳುಗಳ ನಂತರ. ಅದೂ ಮನೆಯವರು ಕೇಳಿ ಖುಷಿಪಟ್ಟ ಒಂದು ಬದಲಾವಣೆಯ ವೇಷದಲ್ಲಿ ಬಂತು.

ಗುರುತು ಸಿಗಬಾರದು ಅಂತ ಊರು, ಹೆಸರು ಬಿಟ್ಟಿದ್ದೇನೆ. ಕೆಲವು ಸಣ್ಣ ವಿವರ ಬದಲಿಸಿದ್ದೇನೆ.

ಮಗು ಮತ್ತು ಮನೆ

ಬಯಲುಸೀಮೆಯ ಒಂದು ಹಳ್ಳಿ. ಹೆಣ್ಣುಮಗು, ಹುಟ್ಟಿದ್ದು 2019ರ ಅಕ್ಟೋಬರ್‌ನಲ್ಲಿ. ತಾಯಿಗೆ 22 ವರ್ಷ, ಚೊಚ್ಚಲು. ಮದುವೆ ಸೋದರಮಾವನ ಜೊತೆ. ಅಂದರೆ ಬಾಣಂತನ ಮಾಡುತ್ತಿದ್ದ ಅಜ್ಜಿ ಮಗುವಿನ ತಾಯಿಗೆ ಅಮ್ಮ, ಮಗುವಿನ ತಂದೆಗೆ ಅಕ್ಕ. ಈ ಸಂಬಂಧ ಮುಂದೆ ಮುಖ್ಯವಾಗುತ್ತದೆ.

ಮೊದಲು ಕಂಡಿದ್ದು ಆಶಾ ಕಾರ್ಯಕರ್ತೆಗೆ. ಹೆರಿಗೆಯಾದ 42ನೇ ದಿನದ ಮನೆ ಭೇಟಿಗೆ ಬಂದವರು ಮಗುವನ್ನು ಬಾಗಿಲ ಬೆಳಕಿಗೆ ಹಿಡಿದಾಗ ಎರಡೂ ಪಾಪೆಯ ನಡುವೆ ಹಾಲಿನ ಹನಿ ಬಿದ್ದ ಹಾಗೆ ಬಿಳಿ ಕಂಡಿತು. ಮೊಬೈಲ್ ಟಾರ್ಚ್ ಹಾಕಿದರೂ ಮಗು ಅತ್ತ ತಿರುಗಲಿಲ್ಲ. ಅವರು ಮಕ್ಕಳ ಆರೋಗ್ಯ ತಪಾಸಣೆ ಮಾಡುವ ತಾಲ್ಲೂಕಿನ ಆರ್‌ಬಿಎಸ್‌ಕೆ ತಂಡಕ್ಕೆ ಫೋನ್ ಮಾಡಿದರು. ಹುಟ್ಟಿನಿಂದ ಬರುವ ಪೊರೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಡುಕಿ ಚಿಕಿತ್ಸೆ ಕೊಡಿಸಬೇಕಾದ ತೊಂದರೆಗಳ ಪಟ್ಟಿಯಲ್ಲೇ ಇದೆ. ಚೀಟಿ ಅವತ್ತೇ ಸಿಕ್ಕಿತು.

ಆದರೂ ಮಗು ನಮ್ಮಲ್ಲಿಗೆ ಬಂದಿದ್ದು ಹನ್ನೆರಡನೇ ವಾರದಲ್ಲಿ.

ನಡುವೆ ಏನಾಯ್ತು? ಊರಲ್ಲಿ ಒಬ್ಬರು ಮಗುವಿಗೆ ತೂಕ ಬರಲಿ ಅಂದರು. ಇನ್ನೊಬ್ಬರು ವರ್ಷ ತುಂಬಲಿ ಅಂದರು. ಜುಲೈನಲ್ಲಿ ಚಂದ್ರಗ್ರಹಣ ಇತ್ತಲ್ಲ, ಬಸುರಿ ಹೊರಗೆ ಬಂದಿದ್ದಳು, ಅದರ ದೋಷ, ಶಾಂತಿ ಮಾಡಿಸಿದರೆ ಹೋಗುತ್ತೆ ಅಂತ ಮತ್ತೊಬ್ಬರು. ಯಾರೂ ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ಎಳೆ ಕೂಸಿಗೆ ಮತ್ತು ಬರುವ ಔಷಧಿ ಕೊಡೋದು ಅಂದರೆ ಯಾರಿಗಾದರೂ ಹೆದರಿಕೆಯೇ. ಆದರೆ ಕಾಯೋದು ಕೂಡ ಅಪಾಯ ಅಂತ ಆ ಮನೆಗೆ ಯಾರೂ ಹೇಳಿರಲಿಲ್ಲ. ದೊಡ್ಡವರಿಗೆ ಪೊರೆ ಬಂದರೆ ಆರು ತಿಂಗಳು ಬಿಟ್ಟು ತೆಗೆಸಿದರೂ ದೃಷ್ಟಿ ವಾಪಸ್ ಬರುತ್ತದೆ, ಅವರ ಮಿದುಳು ನೋಡೋದನ್ನು ಎಂದೋ ಕಲಿತಿರುತ್ತದೆ. ಮಗುವಿನ ಮಿದುಳು ಇನ್ನೂ ಕಲಿಯುತ್ತಿರುತ್ತದೆ. ಮೊದಲ ಎರಡು ಮೂರು ತಿಂಗಳು ಸ್ಪಷ್ಟ ಚಿತ್ರ ಹೋಗದಿದ್ದರೆ ಆಮೇಲೆ ಎಷ್ಟೇ ಚೆನ್ನಾಗಿ ಪೊರೆ ತೆಗೆದರೂ ಆ ಕಲಿಕೆ ಪೂರ್ತಿ ಆಗುವುದಿಲ್ಲ. ಒಂದೇ ಕಣ್ಣಿಗೆ ದಟ್ಟ ಪೊರೆ ಇದ್ದರೆ ಸುಮಾರು ಆರು ವಾರದೊಳಗೆ, ಎರಡೂ ಕಣ್ಣಿಗೆ ಇದ್ದರೆ ಎಂಟು ಹತ್ತು ವಾರದೊಳಗೆ ತೆಗೆಯಬೇಕು ಅನ್ನುವುದು ಇದಕ್ಕೇ. ಹಾಗಂತ ಹುಟ್ಟಿದ ವಾರವೇ ಮಾಡುವ ಹಾಗೂ ಇಲ್ಲ. ನಾಲ್ಕು ವಾರಕ್ಕಿಂತ ಮುಂಚೆ ಮಾಡಿದರೆ ಮುಂದೆ ಕಣ್ಣಿನ ಒತ್ತಡ ಏರುವ ಅಪಾಯ ಜಾಸ್ತಿ.

ನಮ್ಮಲ್ಲಿಗೆ ಬಂದಾಗ ಮಗುವಿನ ಕಣ್ಣು ಸಣ್ಣಗೆ ಅಲುಗಾಡುತ್ತಿತ್ತು. ಅಜ್ಜಿಗೆ ಅದು ಮಗು ಚುರುಕಾಗಿ ಆಚೀಚೆ ನೋಡುತ್ತಿರುವ ಹಾಗೆ ಕಂಡಿತ್ತು. ನಮಗೆ ಅದು ಮಿದುಳಿಗೆ ಚಿತ್ರ ಸಿಗದೆ ಕಣ್ಣು ತಡಕಾಡುತ್ತಿರುವ ಗುರುತು.

ಕಾರಣ ಹುಡುಕಿದ್ದು

ಪಾಪೆ ಬೆಳ್ಳಗೆ ಕಂಡರೆ ಅದು ಪೊರೆಯೇ ಅಂತ ಅಂದುಕೊಳ್ಳುವ ಹಾಗಿಲ್ಲ. ಕಣ್ಣೊಳಗಿನ ಗಡ್ಡೆ ಕೂಡ ಹಾಗೇ ಕಾಣುತ್ತದೆ. ಹಾಗಾಗಿ ಮೊದಲು ಸ್ಕ್ಯಾನ್. ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟ ಸರಿಯಾಗಿತ್ತು. ಎರಡೂ ಕಣ್ಣು ವಯಸ್ಸಿಗಿಂತ ಸ್ವಲ್ಪ ಚಿಕ್ಕದು. ಮಕ್ಕಳ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಹೃದಯದಲ್ಲಿ ಸದ್ದು ಕೇಳಿಸಿತು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರೆ ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಿದ್ದ ಒಂದು ರಕ್ತನಾಳ ಇನ್ನೂ ಸಣ್ಣದಾಗಿ ತೆರೆದಿತ್ತು. ಕಣ್ಣು, ಹೃದಯ ಎರಡೂ ಸೇರಿದ್ದರಿಂದ ರುಬೆಲ್ಲಾ (ಬಸುರಿಗೆ ತಗುಲಿದರೆ ಹೊಟ್ಟೆಯೊಳಗಿನ ಮಗುವಿನ ಕಣ್ಣು, ಹೃದಯ, ಕಿವಿಗೆ ತೊಂದರೆ ಮಾಡುವ ವೈರಸ್) ಪರೀಕ್ಷೆಗೆ ರಕ್ತ ಕಳಿಸಿದರು. ಪಾಸಿಟಿವ್ ಬಂತು.

ಆಗ ತಾಯಿಗೆ ನೆನಪಾಯಿತು. ಬಸುರಿಯಾಗಿದ್ದ ಮೂರನೇ ತಿಂಗಳಲ್ಲಿ ಸಣ್ಣ ಜ್ವರ, ಮೈಮೇಲೆ ಕೆಂಪು ಗುಳ್ಳೆ, ಎರಡು ಮೂರು ದಿನದಲ್ಲಿ ತಾನಾಗೇ ಹೋಗಿತ್ತು. ಯಾರೂ ಲೆಕ್ಕಕ್ಕೇ ತಗೊಂಡಿರಲಿಲ್ಲ.

ಅಜ್ಜಿ ಅಲ್ಲಿಯವರೆಗೆ ಮಾತೇ ಆಡಿರಲಿಲ್ಲ. "ನನ್ನ ತಮ್ಮನಿಗೇ ಮಗಳನ್ನ ಕೊಟ್ಟೆ, ಅದಕ್ಕೇ ಹಿಂಗಾಯ್ತು ಅಂತ ಊರೆಲ್ಲ ಅಂತಾರೆ ಮೇಡಂ. ಹಂಗಾರೆ ಅದಲ್ವಾ?" ಅಂತ ಕೇಳಿದರು. ಡಾಕ್ಟರು ನೇರವಾಗಿ ಹೇಳಿದರು: ಹತ್ತಿರದ ಸಂಬಂಧದ ಮದುವೆಯಿಂದ ಪೊರೆ ಬರುವ ಮಕ್ಕಳು ಇದ್ದಾರೆ, ಅದು ಸುಳ್ಳಲ್ಲ, ಆದರೆ ನಿಮ್ಮ ಮೊಮ್ಮಗಳಿಗೆ ಬಂದಿರುವುದು ಸೋಂಕಿನಿಂದ. ಆ ಮಾತಿನ ನಂತರ ಚಿಕಿತ್ಸೆಯ ಜವಾಬ್ದಾರಿಯನ್ನು ಆ ಅಜ್ಜಿಯೇ ಹೊತ್ತುಕೊಂಡರು. ಕಾರಣ ಗೊತ್ತಾಗೋದು ರೋಗಕ್ಕಷ್ಟೇ ಅಲ್ಲ, ಮನೆಗೂ ಔಷಧಿ ಅನ್ನೋದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ 2017ರ ಫೆಬ್ರವರಿಯಲ್ಲಿ ಶುರುವಾದಾಗ ಮೊದಲ ಸುತ್ತಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಕೊಟ್ಟರು. ಈ ತಾಯಿಗೆ ಆಗಲೇ ವಯಸ್ಸು ದಾಟಿತ್ತು. ಇವರ ಹಾಗೆ ತಪ್ಪಿಹೋದ ಹೆಣ್ಣುಮಕ್ಕಳು ಮದುವೆಗೆ ಮೊದಲು, ಅಥವಾ ಬಸುರಿಯಾಗುವುದಕ್ಕೆ ಒಂದು ತಿಂಗಳಾದರೂ ಮುಂಚೆ, ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳಬಹುದು. ಬಸುರಿಯಾದ ಮೇಲೆ ಹಾಕುವುದಿಲ್ಲ.

ಇನ್ನೊಂದು ವಿಷಯ ಆಸ್ಪತ್ರೆಯವರಿಗೆ. ಇಂಥ ಮಕ್ಕಳ ಮೂಗು, ಗಂಟಲು, ಮೂತ್ರದಲ್ಲಿ ವೈರಸ್ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷದವರೆಗೂ ಬರುತ್ತಿರುತ್ತದೆ. ತೆಗೆದ ಲೆನ್ಸಿನಲ್ಲೂ ಇರುತ್ತದೆ. ನಮ್ಮಲ್ಲಿ ಬಸುರಿಯಾಗಿದ್ದ ಒಬ್ಬ ನರ್ಸ್‌ಗೆ ಅವತ್ತೇ ಬೇರೆ ಕಡೆ ಡ್ಯೂಟಿ ಹಾಕಿದರು.

ಮೂರು ನಿರ್ಧಾರಗಳು

ಮೊದಲನೆಯದು ಅರಿವಳಿಕೆ. ತಂದೆ ಕೇಳಿದ್ದು ಒಂದೇ ಪ್ರಶ್ನೆ: "ಮಗು ಏಳದೇ ಹೋದ್ರೆ?" ಹಾಗೇನೂ ಆಗಲ್ಲ ಬಿಡಿ ಅಂತ ಬೆನ್ನು ತಟ್ಟಿ ಕಳಿಸಬಹುದಿತ್ತು. ಅರಿವಳಿಕೆ ಡಾಕ್ಟರು ಹಾಗೆ ಮಾಡದೆ ಕೂತು ವಿವರಿಸಿದರು. ಎಳೆ ಮಕ್ಕಳಲ್ಲಿ ಮುಖ್ಯ ಭಯ ಉಸಿರಿನದು, ಎಚ್ಚರವಾದ ಮೇಲೂ ಕೆಲವು ಗಂಟೆ ಉಸಿರು ತಡೆತಡೆದು ಬರಬಹುದು, ಹೃದಯದ ತೊಂದರೆ ಇರುವುದರಿಂದ ಇನ್ನೂ ಎಚ್ಚರ ಬೇಕು, ಅದಕ್ಕೇ ಹೃದಯದ ಡಾಕ್ಟರ ಒಪ್ಪಿಗೆ ತಗೊಂಡಿದ್ದೇವೆ, ರಾತ್ರಿಯಿಡೀ ಇಲ್ಲೇ ಇಟ್ಟುಕೊಂಡು ನೋಡುತ್ತೇವೆ ಅಂದರು. ಜೀವಕ್ಕೆ ಅಪಾಯ ತೀರಾ ಅಪರೂಪ, ಇಲ್ಲವೇ ಇಲ್ಲ ಅಂತ ಹೇಳಲಾರೆ ಅಂದರು. ತಂದೆ ಅದನ್ನು ಕೇಳಿಯೇ ಸಹಿ ಹಾಕಿದರು.

ಎರಡನೆಯದು ಒಂದೇ ದಿನ ಎರಡೂ ಕಣ್ಣೋ, ಬೇರೆ ಬೇರೆ ದಿನವೋ. ಒಂದೇ ದಿನ ಮಾಡಿದರೆ ಅರಿವಳಿಕೆ ಒಂದೇ ಸಲ. ಆದರೆ ಸೋಂಕು ತಗುಲಿದರೆ ಎರಡೂ ಕಣ್ಣು ಒಟ್ಟಿಗೆ ಹೋಗಬಹುದು. ಹೃದಯದ ಸ್ಥಿತಿ ಎರಡು ಸಲ ತಡೆದುಕೊಳ್ಳುವಷ್ಟಿದೆ ಅಂತ ಖಾತ್ರಿಯಾದ ಮೇಲೆ ಮೊದಲು ಬಲಗಣ್ಣು, ವಾರ ಬಿಟ್ಟು ಎಡಗಣ್ಣು ಅಂತಾಯಿತು.

ಮೂರನೆಯದರ ಮೇಲೆ ಜಾಸ್ತಿ ಚರ್ಚೆ ನಡೆಯಿತು: ಒಳಗೆ ಲೆನ್ಸ್ ಕೂರಿಸುವುದೋ, ಬೇಡವೋ. ಮನೆಯವರಿಗೆ ಲೆನ್ಸ್ ಬೇಕಿತ್ತು. ಅಜ್ಜಿಯ ಊರಿನವರೆಲ್ಲ ಲೆನ್ಸ್ ಹಾಕಿಸಿಕೊಂಡು ಬಂದವರೇ, ಕೂಸಿಗೆ ಯಾಕೆ ಬೇಡ? ಕಾರಣಗಳಿದ್ದವು. ಹುಟ್ಟಿದಾಗ ಸುಮಾರು 17 ಮಿಲಿಮೀಟರ್ ಉದ್ದ ಇರುವ ಕಣ್ಣು ದೊಡ್ಡವರಾಗುವಷ್ಟರಲ್ಲಿ 23ಕ್ಕೆ ಬೆಳೆಯುತ್ತದೆ, ಅದರ ಬಹುಪಾಲು ಮೊದಲ ಎರಡು ವರ್ಷದಲ್ಲೇ. ಇವತ್ತು ಹಾಕಿದ ಲೆನ್ಸಿನ ಪವರ್ ನಾಳೆಗೆ ಹೊಂದುವುದಿಲ್ಲ. ಈ ಮಗುವಿನ ಕಣ್ಣು ಮೊದಲೇ ಚಿಕ್ಕದು. ರುಬೆಲ್ಲಾ ಕಣ್ಣು ಆಪರೇಷನ್ ನಂತರ ಜಾಸ್ತಿ ಉರಿಯೂತ ಮಾಡಿಕೊಳ್ಳುತ್ತದೆ. ಅಮೆರಿಕದಲ್ಲಿ ಒಂದೇ ಕಣ್ಣಿಗೆ ಪೊರೆ ಇದ್ದ, ಏಳು ತಿಂಗಳೊಳಗಿನ 114 ಮಕ್ಕಳ ಮೇಲೆ ಇದೇ ಪ್ರಶ್ನೆ ಇಟ್ಟುಕೊಂಡು ಅಧ್ಯಯನ ಮಾಡಿದ್ದರು. ಐದು ವರ್ಷದ ಹೊತ್ತಿಗೆ ಒಳಗೆ ಲೆನ್ಸ್ ಹಾಕಿದವರಿಗೂ ಹೊರಗೆ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟವರಿಗೂ ದೃಷ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ, ಲೆನ್ಸ್ ಹಾಕಿದ ಮಕ್ಕಳಿಗೆ ಮತ್ತೆ ಮತ್ತೆ ಆಪರೇಷನ್ ಬೇಕಾಗಿದ್ದು ಮಾತ್ರ ತುಂಬಾ ಜಾಸ್ತಿ. ಹತ್ತು ವರ್ಷದ ಹೊತ್ತಿಗೆ ಎರಡೂ ಗುಂಪು ಸೇರಿ ಸುಮಾರು 22% ಮಕ್ಕಳಿಗೆ ಗ್ಲಾಕೋಮಾ (ಕಣ್ಣಿನ ಒತ್ತಡ ಏರಿ ದೃಷ್ಟಿಯ ನರ ಹಾಳಾಗುವ ಕಾಯಿಲೆ) ಬಂದಿತ್ತು. ಅಂದರೆ ಲೆನ್ಸ್ ಹಾಕಿಲ್ಲ ಅಂದಮಾತ್ರಕ್ಕೆ ಆ ಅಪಾಯ ತಪ್ಪಲ್ಲ.

ಒಳಗೆ ಲೆನ್ಸ್ ಬೇಡ ಅಂತಾಯಿತು. ಕಾಂಟ್ಯಾಕ್ಟ್ ಲೆನ್ಸ್ ಒಳ್ಳೆಯ ದಾರಿಯೇ, ಆದರೆ ಊರಲ್ಲಿ ಧೂಳು, ನೀರಿನ ತಾಪತ್ರಯ, ಲೆನ್ಸ್ ಕಳೆದರೆ ಮತ್ತೆ ಅಷ್ಟು ದೂರ ಬರಬೇಕು. ದಪ್ಪ ಕನ್ನಡಕವೇ ಗಟ್ಟಿ ಅಂತ ಒಪ್ಪಿಕೊಂಡೆವು.

ಆಪರೇಷನ್

ಬೆಳಗ್ಗೆ ಒಂದು ಸಣ್ಣ ಘಟನೆ. ಹಾಲು ನಿಲ್ಲಿಸುವ ಸಮಯ ಎಲ್ಲರಿಗೂ ಹೇಳಿತ್ತು: ತಾಯಿಹಾಲು ನಾಲ್ಕು ಗಂಟೆ ಮುಂಚೆವರೆಗೆ, ಹಸುವಿನ ಹಾಲು ಆರು ಗಂಟೆ. ನಮ್ಮ ಹಿರಿಯ ನರ್ಸ್ "ಏನೂ ಕೊಟ್ಟಿಲ್ಲ ತಾನೇ?" ಅಂತ ಯಾವತ್ತೂ ಕೇಳುವುದಿಲ್ಲ. "ಬೆಳಗ್ಗೆ ಅತ್ತಾಗ ಏನು ಕೊಟ್ಟು ಸಮಾಧಾನ ಮಾಡಿದ್ರಿ?" ಅಂತ ಕೇಳುತ್ತಾರೆ. ಜೊತೆಗೆ ಬಂದಿದ್ದ ಚಿಕ್ಕಮ್ಮ ತಟ್ಟನೆ ಹೇಳಿಬಿಟ್ಟರು, ಎರಡು ಚಮಚ ಹಸುವಿನ ಹಾಲು ಅಂತ. ಮತ್ತಿನಲ್ಲಿರುವಾಗ ಆ ಹಾಲು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿದ್ದರೆ ಏನು ಬೇಕಾದರೂ ಆಗಬಹುದಿತ್ತು. ಯಾರೂ ಬೈಯಲಿಲ್ಲ. ಸರದಿಯನ್ನು ಮಧ್ಯಾಹ್ನಕ್ಕೆ ತಳ್ಳಿದರು, ಅಷ್ಟೇ. ಪ್ರಶ್ನೆ ಕೇಳುವ ರೀತಿ ಒಂದು ಜೀವ ಉಳಿಸಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಡ.

ಸಣ್ಣ ರಂಧ್ರಗಳ ಮೂಲಕ ಪೊರೆ ಹೀರಿ ತೆಗೆದರು. ಮಕ್ಕಳಲ್ಲಿ ಲೆನ್ಸಿನ ಹಿಂದಿನ ಪರದೆಯನ್ನು ಹಾಗೇ ಬಿಟ್ಟರೆ ಅದು ಮತ್ತೆ ಮಸುಕಾಗುವುದು ಹೆಚ್ಚುಕಡಿಮೆ ಖಚಿತ. ಹಾಗಾಗಿ ಅದರ ನಡುವೆ ಕಿಂಡಿ ತೆಗೆದು, ಹಿಂದಿನ ಲೋಳೆಯನ್ನೂ ಸ್ವಲ್ಪ ಕತ್ತರಿಸಿ, ಹೊಲಿಗೆ ಹಾಕಿದರು. ವಾರದ ನಂತರ ಎಡಗಣ್ಣು. ಮಗು ಎರಡೂ ಸಲ ಚೆನ್ನಾಗಿ ಎದ್ದಿತು. ಅಜ್ಜಿ ವಾರ್ಡಿನಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದರು.

ಹದಿನಾಲ್ಕನೇ ವಾರಕ್ಕೆ ಕನ್ನಡಕ ಬಂತು. ಎರಡೂ ಕಣ್ಣಿಗೆ ಸುಮಾರು ಪ್ಲಸ್ 22, ಅದರ ಮೇಲೆ ಹತ್ತಿರಕ್ಕೆ ಅಂತ ಇನ್ನೂ ಮೂರು ಸೇರಿಸಿದ್ದೆವು, ಯಾಕೆಂದರೆ ಆ ವಯಸ್ಸಿನ ಮಗುವಿನ ಪ್ರಪಂಚ ಒಂದು ಮೊಳದೊಳಗೇ ಇರುತ್ತದೆ. ತಲೆ ಹಿಂದೆ ಎಲಾಸ್ಟಿಕ್ ಪಟ್ಟಿ. ಹಾಕಿದ ಕೂಡಲೇ ಮಗು ಅಳು ನಿಲ್ಲಿಸಿ ತಾಯಿಯ ಕರಿಮಣಿ ಸರದ ಕಡೆ ನೋಡಿತು, ಕೈ ಮುಂದೆ ಮಾಡಿತು.

ಬರದೇ ಉಳಿದ ತಿಂಗಳುಗಳು

ಫೆಬ್ರವರಿಯ ತಪಾಸಣೆ ಆಯಿತು. ಮುಂದಿನದು ಏಪ್ರಿಲ್‌ಗೆ ಇತ್ತು. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಬಸ್ಸಿಲ್ಲ, ಕೂಲಿಯಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದೆವು. ಕಣ್ಣು ಕೆಂಪಾಗಿಲ್ಲ, ಕೀವಿಲ್ಲ, ಮಗು ಆಟ ಆಡ್ತಿದೆ ಅಂತ ತಂದೆ ಹೇಳುತ್ತಿದ್ದರು. ಅದೆಲ್ಲ ನಿಜವೇ. ಬಸ್ಸು ಬಿಟ್ಟ ಮೇಲೂ ಅವರು ಕೂಡಲೇ ಹೊರಡಲಿಲ್ಲ. ಆಪರೇಷನ್ ಆಗಿದೆ, ಮಗು ಚೆನ್ನಾಗಿದೆ, ಕೊರೊನಾ ಕಾಲದಲ್ಲಿ ಆಸ್ಪತ್ರೆಗೆ ಯಾಕೆ ಅನ್ನುವ ಯೋಚನೆ. ಜೊತೆಗೆ ನೆಂಟರು ಬಂದಾಗ ಕನ್ನಡಕ ತೆಗೆದಿಡುವುದು ರೂಢಿಯಾಗಿತ್ತು. ಎಳೆ ಮಗುವಿಗೆ ಸೋಡಾಬುಡ್ಡಿ ಅಂತ ಯಾರೋ ಅಂದಿದ್ದರಂತೆ. ತಾಯಿಗೆ ಅದು ಚುಚ್ಚಿತ್ತು.

ಸೆಪ್ಟೆಂಬರ್‌ನಲ್ಲಿ ಬಂದರು. ನಾನು ನಂಬರ್ ನೋಡಿದೆ. ಎಡಗಣ್ಣು 19, ಬಲಗಣ್ಣು 15.

"ನಂಬರ್ ಕಮ್ಮಿ ಆಗಿದೆ" ಅಂದ ಕೂಡಲೇ ಮೂವರ ಮುಖವೂ ಅರಳಿತು. ಈ ಪ್ರಕರಣ ತಿರುಗಿದ್ದು ಇಲ್ಲೇ. ಕಣ್ಣು ಬೆಳೆದ ಹಾಗೆ ಪ್ಲಸ್ ನಂಬರ್ ಇಳಿಯುವುದು ಸಹಜ. ಎಡಗಣ್ಣು ಮೂರು ಇಳಿದಿದ್ದು ಆ ಲೆಕ್ಕಕ್ಕೆ ಸರಿ. ಬಲಗಣ್ಣು ಅದೇ ಸಮಯದಲ್ಲಿ ಏಳು ಇಳಿದಿತ್ತು. ಮಗುವಿನ ಕಣ್ಣಿನ ಗೋಡೆ ಮೆತ್ತಗಿರುತ್ತದೆ, ಒಳಗೆ ಒತ್ತಡ ಏರಿದರೆ ಕಣ್ಣೇ ಹಿಗ್ಗುತ್ತದೆ, ಹಿಗ್ಗಿದರೆ ನಂಬರ್ ಬೇಗ ಬೇಗ ಇಳಿಯುತ್ತದೆ. ನೋವಿಲ್ಲ, ಕೆಂಪಿಲ್ಲ. ಒತ್ತಡ ನೋಡಿದರೆ ಎಡಗಡೆ 16, ಅದು ಸರಿ; ಬಲಗಡೆ 32, ತೀರಾ ಜಾಸ್ತಿ. ಬಲಗಣ್ಣಿನ ಕಪ್ಪುಗುಡ್ಡೆ ಎಡಗಡೆಗಿಂತ ಒಂದು ಮಿಲಿಮೀಟರ್ ಅಗಲವಾಗಿತ್ತು. ಪಾಪೆಯ ನಡುವೆ ತೆಳ್ಳನೆ ಪರದೆಯೂ ಮತ್ತೆ ಬೆಳೆದಿತ್ತು.

ಔಷಧಿ ಆರಿಸುವುದೂ ಸುಲಭ ಇರಲಿಲ್ಲ. ದೊಡ್ಡವರಿಗೆ ಕೊಡುವ ಬ್ರಿಮೊನಿಡಿನ್ ಹನಿ ಎರಡು ವರ್ಷದೊಳಗಿನ ಮಕ್ಕಳಿಗೆ ಹಾಕುವ ಹಾಗೇ ಇಲ್ಲ, ಮಂಪರು ಬಂದು ಉಸಿರೇ ನಿಲ್ಲಬಹುದು. ಟಿಮೊಲಾಲ್ ಹೃದಯದ ಬಡಿತ ಇಳಿಸುತ್ತದೆ, ಈ ಮಗುವಿಗೆ ಅದೂ ಬೇಡ ಅಂತ ಹೃದಯದ ಡಾಕ್ಟರು ಹೇಳಿದರು. ಡಾರ್ಜೊಲಮೈಡ್‌ನಿಂದ ಶುರು ಮಾಡಿದರು. ಅದೇ ವಾರ ಮತ್ತೆ ಅರಿವಳಿಕೆ ಕೊಟ್ಟು ಪರದೆ ತೆಗೆದರು. ಹನಿಯಿಂದ ಒತ್ತಡ ಸ್ವಲ್ಪ ಕಾಲ ಹಿಡಿತದಲ್ಲಿತ್ತು. ಎರಡು ವರ್ಷ ತುಂಬುವ ಹೊತ್ತಿಗೆ ಮತ್ತೆ ಏರಿ, ಒಳಗಿನ ನೀರು ಹೊರಹೋಗಲು ಸಣ್ಣ ಟ್ಯೂಬ್ ಕೂರಿಸಬೇಕಾಯಿತು.

ನಮ್ಮ ಕಡೆ ಏನು ಬದಲಾಯಿತು

ಈಗ ನಮ್ಮಲ್ಲಿ ಸಹಿ ಹಾಕಿಸುವ ಮುಂಚೆ ಮನೆಯವರ ಜೊತೆ ಕೂತು ಅಪಾಯಗಳನ್ನು ಕಾಲದ ಪ್ರಕಾರ ಹೇಳುತ್ತೇವೆ. ಅವತ್ತು ಅರಿವಳಿಕೆ. ಮೊದಲ ವಾರ ಸೋಂಕು: ರೆಪ್ಪೆ ಊದಿ, ಕಣ್ಣು ಕೆಂಪಾಗಿ, ಮಗು ಕಣ್ಣೇ ಬಿಡದಿದ್ದರೆ ಮಧ್ಯರಾತ್ರಿಯಾದರೂ ಹೊರಡಿ. ಪಾಪೆ ಅಗಲವಾಗಿರಲಿ ಅಂತ ಕೊಡುವ ಅಟ್ರೋಪಿನ್ ಹನಿ ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಔಷಧಿ ಮೈಗೆ ಸೇರಿ ಮುಖ ಕೆಂಪಾಗಿ ಜ್ವರ ಬರಬಹುದು. ಮೊದಲ ವರ್ಷ ಪರದೆ ಮತ್ತೆ ಬೆಳೆಯಬಹುದು. ಆಮೇಲೆ ಮೆಳ್ಳೆಗಣ್ಣು, ಒಂದು ಕಣ್ಣು ಸೋಮಾರಿಯಾಗುವುದು. ಗ್ಲಾಕೋಮಾ ಹತ್ತು ಹದಿನೈದು ವರ್ಷದ ನಂತರವೂ ಬರಬಹುದು, ಅಕ್ಷಿಪಟ ಕಿತ್ತುಕೊಳ್ಳುವುದು ಇನ್ನೂ ತಡವಾಗಿ. ಬೆಳಕಿಗೆ ಮುಖ ತಿರುಗಿಸಿದರೆ, ಸುಮ್ನೆ ನೀರು ಸುರಿಯುತ್ತಿದ್ದರೆ, ಒಂದು ಕಪ್ಪುಗುಡ್ಡೆ ಇನ್ನೊಂದಕ್ಕಿಂತ ದೊಡ್ಡದು ಕಂಡರೆ ಕಾಯಬೇಡಿ. ಇವ್ಯಾವೂ ಇಲ್ಲದಿದ್ದರೂ ತಪಾಸಣೆಗೆ ಬನ್ನಿ.

ಇಷ್ಟು ಹೇಳಿದರೆ ಹೆದರಿ ಆಪರೇಷನ್ನೇ ಬೇಡ ಅನ್ನುವುದಿಲ್ಲವಾ ಅಂತ ಕೆಲವರು ಕೇಳುತ್ತಾರೆ. ಹೆದರುತ್ತಾರೆ, ನಿಜ. ಆದರೆ ಈ ಮಗುವಿನ ತಂದೆಯೇ ನೆನಪಿಗೆ ಬರುತ್ತಾರೆ. ಅರಿವಳಿಕೆಯ ಅಪಾಯ ಪೂರ್ತಿ ಕೇಳಿಸಿಕೊಂಡು ಒಪ್ಪಿದ ಮನುಷ್ಯ ಅವರು. ಗ್ಲಾಕೋಮಾದ ವಿಷಯ ಮಾತ್ರ ಒಪ್ಪಿಗೆ ಪತ್ರದ ಕೊನೆಯ ಸಾಲಿನಲ್ಲಿ ಓದಿ ದಾಟಿಹೋಗಿತ್ತು. ಕನ್ನಡಕದ ನಂಬರ್ ಇಳಿದಿದ್ದನ್ನು ಈಗ ಒಂಟಿಯಾಗಿ ಬರೆಯುವುದಿಲ್ಲ. ಪ್ರತಿ ಸಲದ ಎರಡೂ ಕಣ್ಣಿನ ನಂಬರ್ ಅಕ್ಕಪಕ್ಕ ಬರುವ ಹಾಗೆ ಕಾರ್ಡ್ ಮಾಡಿದ್ದೇವೆ, ಅದರ ಫೋಟೋ ತಾಯಿಯ ಫೋನಿನಲ್ಲೂ ಇರುತ್ತದೆ. ಊರಿನ ಹತ್ತಿರದ ಕಣ್ಣಿನ ಡಾಕ್ಟರಿಗೆ ಪತ್ರ ಕೊಟ್ಟಿರುತ್ತೇವೆ, ಬರಲಾಗದಿದ್ದರೆ ಅಲ್ಲೇ ಒತ್ತಡ ನೋಡಿಸಲಿ ಅಂತ.

ಈಗ

ಐದು ವರ್ಷಕ್ಕೆ ಚಾರ್ಟಿನಲ್ಲಿ ಎಡಗಣ್ಣು 6/24 (ಬೇರೆಯವರು 24 ಮೀಟರ್ ದೂರದಿಂದ ಓದುವುದನ್ನು ಇವಳು 6 ಮೀಟರಿನಿಂದ), ಬಲಗಣ್ಣು 6/60. ಅಲುಗಾಟ ಕಡಿಮೆಯಾಗಿದೆ, ಹೋಗಿಲ್ಲ. ಬಲಗಣ್ಣು ಹಿಂದೆ ಬಿದ್ದಿರುವುದರಿಂದ ಅದು ಕೆಲಸ ಮಾಡಲಿ ಅಂತ ದಿನಾ ಎರಡು ಗಂಟೆ ಎಡಗಣ್ಣಿಗೆ ಪಟ್ಟಿ. ಎಡಕಿವಿಗೆ ಶ್ರವಣ ಯಂತ್ರ ಇದೆ, ಅದೂ ರುಬೆಲ್ಲಾದ್ದೇ. ಅದರ ಜೊತೆ ಕನ್ನಡಕದ ಕಡ್ಡಿ ಒತ್ತದ ಹಾಗೆ ಅಜ್ಜಿ ಮೆತ್ತನೆ ಬಟ್ಟೆ ಸುತ್ತಿ ಕೊಡುತ್ತಾರೆ. ಹೃದಯದ ನಾಳ ತಾನಾಗೇ ಮುಚ್ಚಿಕೊಂಡಿದೆ. ಅಂಗನವಾಡಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಚಿತ್ರ ನೋಡಿ ಹೆಸರು ಹೇಳುತ್ತಾಳೆ.

ಈಗ ಮತ್ತೆ ಲೆನ್ಸಿನ ಪ್ರಶ್ನೆ ಬಂದಿದೆ. ಕಣ್ಣು ಸಾಕಷ್ಟು ಬೆಳೆದಿದೆ, ಒಳಗೆ ಕೂರಿಸಬಹುದಾ ಅಂತ ತಂದೆ ಕೇಳಿದರು. ಬಲಗಣ್ಣಿನಲ್ಲಿ ಟ್ಯೂಬ್ ಇದೆ, ಸದ್ಯಕ್ಕೆ ಅದನ್ನು ಮುಟ್ಟುವ ಹಾಗಿಲ್ಲ. ಎಡಗಣ್ಣಿಗೆ ಹಾಕಬಹುದು, ಆದರೆ ಮಗು ನಂಬಿಕೊಂಡಿರುವುದು ಆ ಒಂದೇ ಕಣ್ಣನ್ನು. ಡಾಕ್ಟರು ಎರಡೂ ಕಡೆಯ ಲಾಭ ನಷ್ಟ ಹೇಳಿ, ತೀರ್ಮಾನಕ್ಕೆ ಆತುರವಿಲ್ಲ ಅಂದರು. ಮನೆಯವರು ಒಂದು ವಾರ ಯೋಚಿಸಿ, ಕನ್ನಡಕದಲ್ಲೇ ಇನ್ನೂ ಕೆಲವು ವರ್ಷ ಸಾಗಲಿ ಅಂತ ನಿರ್ಧರಿಸಿದರು. ಒತ್ತಡ ನೋಡಲು ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಈಗ ಅದಕ್ಕೆ ಮತ್ತು ಕೊಡಬೇಕಿಲ್ಲ, ಯಂತ್ರಕ್ಕೆ ಗಲ್ಲ ಆನಿಸಿ ಅವಳೇ ಕೂರುತ್ತಾಳೆ.